ನಾನು ಮುಗಿಸಿಬಿಟ್ಟ ಮಾತುಗಳು

೧೯೬೩ ಏಪ್ರಿಲ್ ೮, ಸೋಮವಾರ. ಶಿರಾ

ಮಧುಗಿರಿಯ ಕೆಲಸ ಕೈತಪ್ಪಿತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಅದು ನನ್ನದೇ ಆಗಿತ್ತು. ಮಧ್ಯಾಹ್ನ ವಾಪಸು ಬರುವಾಗ ಇನ್ಯಾರದೋ ಆಗಿತ್ತು.

ಅಲ್ಲಿ ಹೆಣ್ಣುಮಕ್ಕಳಿಗೆ ಹೊಸದಾಗಿ ಒಂದು ಸ್ಕೂಲು ತೆರೆಯುತ್ತಾರೆ, ಟೀಚರ್ ಬೇಕಂತೆ ಅಂತ ಜಗದಾಂಬ ಮಿಸ್ ಅರ್ಜಿ ಹಾಕಿಸಿದ್ದರು. ಮಿಸ್ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು, ಎರಡು ಬೀದಿ ಆಚೆ ಇದ್ದಾರೆ. ನನ್ನ ಜೊತೆಗೆ ಕಾವಲಿಗೆ ಬಂದವಳು ದಾದಿಮಾ, ಅಂದರೆ ಅಬ್ಬಾನ ತಾಯಿ ಖಾಜಾಬಿ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಹೊರಗಿನ ಜವಾನನ ಹತ್ತಿರ ಎಷ್ಟು ಮಕ್ಕಳು, ಯಾರಿಗೆ ಯಾವ ಕಾಯಿಲೆ ಎಲ್ಲ ವಿಚಾರಿಸಿ ಮುಗಿಸಿದ್ದಳು. ನಮ್ಮ ವಂಶವೇ ಹೀಗೆ.

ಒಳಗೆ ಮೂರು ಜನ. ಪ್ರಶ್ನೆ ಕೇಳುವವರು ಅಧ್ಯಕ್ಷರಾದ ಪರ್ವತಯ್ಯನವರು. ಅವರಿಗೆ ನಶ್ಯದ ಅಭ್ಯಾಸ. ವಾಕ್ಯ ಶುರು ಮಾಡುತ್ತಾರೆ, ನಡುವೆ ನಿಲ್ಲಿಸಿ ಡಬ್ಬಿ ತೆಗೆಯುತ್ತಾರೆ, ಒಂದು ಚಿಟಿಕೆ ಏರಿಸುತ್ತಾರೆ, ಒರೆಸಿಕೊಳ್ಳುತ್ತಾರೆ, ಆಮೇಲೆ ಉಳಿದರ್ಧ. "ನೀವು ಮಕ್ಕಳನ್ನ..." ಅಂದು ಡಬ್ಬಿಗೆ ಕೈ ಹಾಕಿದರು. "ಹೊಡೆಯಲ್ಲ ಸಾರ್!" ಅಂದೆ. ಅಲ್ಲಿಗಾದರೂ ನಿಲ್ಲಿಸಿದೆನೇ? ಮೂರನೇ ಕ್ಲಾಸಿನಲ್ಲಿ ನನಗೆ ಬಿದ್ದ ಏಟು, ಅದಕ್ಕೆ ದಾದಿಮಾ ಹಚ್ಚಿದ ಅರಿಶಿನ, ಏಟು ತಿಂದ ಮಕ್ಕಳಿಗೆ ಮಗ್ಗಿ ಯಾಕೆ ತಲೆಗೆ ಹೋಗುವುದಿಲ್ಲ, ಎಲ್ಲ ಹೇಳಿದೆ. ಅವರು ಕೇಳಲು ಹೊರಟಿದ್ದು ಮಕ್ಕಳನ್ನು ಕಂಡರೆ ನಿಮಗೆ ಇಷ್ಟವೇ ಅಂತ ಇರಬೇಕು. "ನಿಮ್ಮ ತಂದೆಯವರ..." ಅಂದರು. "ಒಪ್ಪಿಗೆ ಇದೆ ಸಾರ್" ಅಂದೆ. ಅವರಿಗೆ ಬೇಕಾಗಿದ್ದದ್ದು ಅಬ್ಬಾನ ಹೆಸರು. ಅದನ್ನು ಬಿಟ್ಟು ಅಬ್ಬಾನ ಅಂಗಡಿಯ ಗ್ಯಾಸ್ ಲೈಟಿಗೆ ಬಲೆಯಂಥ ಮ್ಯಾಂಟಲ್ ಕಟ್ಟುವುದು ಹೇಗೆ ಅನ್ನುವ ತನಕ ಬಂದಿದ್ದೆ.

ಕೊನೆಗೆ ಪರ್ವತಯ್ಯನವರು ಡಬ್ಬಿ ಮುಚ್ಚಿ, "ಪ್ರಶ್ನೇನೂ ನೀವೇ ಕೇಳ್ಕೊಂಡ್ರಿ, ಉತ್ತರಾನೂ ನೀವೇ ಕೊಟ್ರಿ. ಇನ್ನು ನಮಗೇನು ಕೆಲಸ ತಾಯಿ? ಕಾಫಿ ಕುಡಿದು ಹೋಗಿ" ಅಂದರು. ಕಾಫಿ ಚೆನ್ನಾಗಿತ್ತು.

ಅಲ್ಲ, ನನ್ನ ತಪ್ಪೇನು? ಒಂದು ವಾಕ್ಯ ಅರ್ಧಕ್ಕೆ ನಿಂತರೆ ನನಗೆ ಕೈಕಾಲು ಆಡುವುದಿಲ್ಲ. ಗೋಡೆ ಮೇಲೆ ಮಗು ನಿಂತ ಹಾಗೆ ಕಾಣುತ್ತದೆ. ಓಡಿ ಹೋಗಿ ಹಿಡಿಯಬೇಡವೇ?

ಈ ನೋಟ್‌ಬುಕ್ಕೂ ಮಿಸ್ ಕೊಟ್ಟಿದ್ದೇ. ದಾದಿಮಾಗೆ ಓದು ಬಾರದು, ಅಬ್ಬಾಗೆ ಉರ್ದು ಒಂದೇ. ಕನ್ನಡದಲ್ಲಿ ಬರೆದರೆ ಬೀಗ ಹಾಕಿದ ಹಾಗೆ.

ಏಪ್ರಿಲ್ ೧೧, ಗುರುವಾರ

ಬೊಮ್ಮಣ್ಣ ಬಂದಿದ್ದ. ಕಳ್ಳಂಬೆಳ್ಳದವನು, ನಮ್ಮ ಹಳೆಯ ಗಿರಾಕಿ.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಪಡಸಾಲೆ. ಅಬ್ಬಾ ಅಲ್ಲಿ ಹನ್ನೊಂದು ಗ್ಯಾಸ್ ಲೈಟು ಸಾಲಾಗಿಟ್ಟುಕೊಂಡು ಕೂತಿರುತ್ತಾರೆ. ಮದುವೆಗೆ, ನಾಟಕಕ್ಕೆ, ಹಬ್ಬಕ್ಕೆ ಬಾಡಿಗೆ ಕೊಡುವುದು, ಕೆಟ್ಟವನ್ನು ರಿಪೇರಿ ಮಾಡುವುದು. ಪಡಸಾಲೆಗೂ ನಡುಮನೆಗೂ ಮಧ್ಯೆ ಗೋಣಿಯ ಪರದೆ. ಪರದೆಯ ಈಚೆ ನಾನು. ಅಬ್ಬಾಗೆ ಮಾತು ತೊದಲುತ್ತದೆ. ಮೊದಲ ಅಕ್ಷರ ಬರುತ್ತದೆ, ಆಮೇಲೆ ಅಲ್ಲೇ ಸಿಕ್ಕಿಕೊಂಡು ಒದ್ದಾಡುತ್ತದೆ. ಅಮ್ಮಿ ಹೋದಾಗ ನನಗೆ ಏಳು ವರ್ಷ. ಆಗಿನಿಂದ ಅಬ್ಬಾ ಶುರು ಮಾಡುವುದು, ನಾನು ಮುಗಿಸುವುದು. ಇಪ್ಪತ್ತೆರಡು ತುಂಬಿದರೂ ಅದೇ ನಡೆದಿದೆ. ಊರವರಿಗೂ ಅಭ್ಯಾಸವಾಗಿದೆ. ಅಬ್ಬಾಗೆ ಸಲಾಂ ಹೇಳಿ, ವ್ಯವಹಾರವನ್ನು ಪರದೆಯ ಜೊತೆ ಮಾತಾಡುತ್ತಾರೆ.

"ಸಾಬ್ರೇ, ಮಗಳ ಮದ್ವೆ ಮಡಗಿವ್ನಿ" ಅಂದ ಬೊಮ್ಮಣ್ಣ.

"ಯಾ... ಯಾ..." ಅಂದರು ಅಬ್ಬಾ.

"ಯಾವತ್ತು ಬೊಮ್ಮಣ್ಣಾ? ಎಷ್ಟು ದಿನಕ್ಕೆ? ಗಂಡು ಯಾವ ಊರು? ಚಪ್ಪರ ಮನೆ ಮುಂದೇನಾ, ಗುಡಿ ಹತ್ರನಾ?" ಅಂದೆ ನಾನು.

ಮೇ ಹನ್ನೆರಡಕ್ಕೆ ಅಂತಾಯಿತು. ಹೋಗುವಾಗ ಅವನು ಪರದೆಯ ಕಡೆ ತಿರುಗಿ, "ಕುಲ್ಸುಮವ್ವಾ, ಕೆಲ್ಸಕ್ಕೆ ಅಲೀತಿದೀಯಂತೆ. ನೀನೋಗ್ಬುಟ್ರೆ ನಿಮ್ಮಪ್ಪಂಗೆ ಬಾಯಿ ಯಾರವ್ವಾ?" ಅಂದ.

"ದರ ಬರೆದು ಗೋಡೆಗೆ ಬೋರ್ಡು ಹಾಕ್ತೀನಿ" ಅಂದೆ. ಅವನು ನಕ್ಕ. ಬೋರ್ಡು ಓದಲು ಅವನಿಗೆ ಬರುವುದಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಆದರೆ ಕೆಲಸ ಬೇಕೇ ಬೇಕು. ಹಳ್ಳಿಗಳಿಗೆ ಕರೆಂಟಿನ ಕಂಬ ನೆಡುತ್ತಾ ಬರುತ್ತಿದ್ದಾರೆ. ಕಂಬ ಬಂದ ಊರಿನವರು ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಅದೊಂದೇ ಅಲ್ಲ. ಸುಳ್ಳು ಯಾಕೆ, ಇಲ್ಲಿ ಯಾರು ಓದುತ್ತಾರೆ? ಹದಿನೈದು ವರ್ಷ ಗೋಣಿಗೆ ಮುಖ ಕೊಟ್ಟು ಮಾತಾಡಿದ್ದು ಸಾಕಾಗಿದೆ. ಎದುರಿಗೆ ಮುಖಗಳಿರುವ ಒಂದು ಕೋಣೆಯಲ್ಲಿ ನಿಂತು ಪಾಠ ಹೇಳಬೇಕು ಅಂತ ಆಸೆ.

ಸಂಜೆ ಮಿಸ್ ಬಂದರು. ಪರ್ವತಯ್ಯನವರು ಅವರಿಗೆ ಕಾರ್ಡು ಬರೆದಿದ್ದಾರೆ. "ನಿಮ್ಮ ಹುಡುಗಿ ಜಾಣೆ. ಆದರೆ ನಾವು ಕೇಳಬೇಕೆಂದಿದ್ದ ಪ್ರಶ್ನೆಗಳು ನಮಗೇ ಮರೆತುಹೋದವು." ಮಿಸ್ ನಗಲಿಲ್ಲ. "ಕುಲ್ಸುಮ್, ನಿನಗೆ ವಿದ್ಯೆಗೆ ಕೊರತೆ ಇಲ್ಲ. ಬಾಯಿ ಒಂದನ್ನ ಹಿಡಿದುಕೋ" ಅಂದರು. ಹಿಡಿದುಕೊಳ್ಳುವುದು ಹೇಗೆ ಅಂತ ನಾನು ಕಾಲು ಗಂಟೆ ವಿವರವಾಗಿ ವಿಚಾರಿಸಿದೆ.

ಏಪ್ರಿಲ್ ೨೦, ಶನಿವಾರ

ಕೊರಟಗೆರೆ. ಒಬ್ಬ ಡಾಕ್ಟರ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ.

ದಾದಿಮಾ ಒಂದು ಉಪಾಯ ಹೇಳಿದಳು. ನಾಲಿಗೆ ಕೆಳಗೆ ಲವಂಗ ಇಟ್ಟುಕೋ, ಅದು ಇರುವ ತನಕ ಬಾಯಿ ತಾನಾಗಿ ಸುಮ್ಮನಿರುತ್ತೆ ಅಂತ. ಒಂದು ಸಾಲದು ಅಂತ ನಾನು ಮೂರು ಇಟ್ಟುಕೊಂಡೆ. ಬಸ್ಸು ಇಳಿಯುವ ಹೊತ್ತಿಗೆ ನಾಲಿಗೆ ಇದೆಯೋ ಇಲ್ಲವೋ ಅನ್ನುವ ಹಾಗಾಗಿತ್ತು. ಡಾಕ್ಟರು ಏನು ಕೇಳಿದರೂ "ಹೂಂ". ಎಷ್ಟು ಓದಿದ್ದೀಯಮ್ಮ? "ಹೂಂ". ಒಂದು ಲವಂಗ ಗಂಟಲಿಗೆ ಇಳಿದು ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು. ಡಾಕ್ಟರು ಎದ್ದು ಬಂದು, ಬಾಯಿ ತೆರೆಸಿ, ಟಾರ್ಚು ಬಿಟ್ಟು ನೋಡಿ, ಹೊರಗೆ ದಾದಿಮಾಗೆ ಹೇಳಿದರಂತೆ, "ಹುಡುಗಿಗೆ ಗಂಟಲು ಕೆಂಪಾಗಿದೆ, ಉಪ್ಪುನೀರು ಮುಕ್ಕಳಿಸಲಿ. ಕೆಲಸದ ಮಾತು ಆಮೇಲೆ ನೋಡೋಣ."

ಕೆಲಸ ಕೇಳಲು ಹೋಗಿ ರೋಗಿಯಾಗಿ ಬಂದವಳು ತಾಲ್ಲೂಕಿಗೆಲ್ಲ ನಾನೊಬ್ಬಳೇ.

ಏಪ್ರಿಲ್ ೨೩, ಮಂಗಳವಾರ

ಮಿಸ್ ಹೊಸ ಮಾರ್ಗ ಹೇಳಿಕೊಟ್ಟಿದ್ದಾರೆ. ಎದುರಿನವರ ಮಾತು ನಿಂತ ಕೂಡಲೇ ಮನಸ್ಸಿನಲ್ಲಿ ಹತ್ತರ ತನಕ ಎಣಿಸಬೇಕು. ಹತ್ತಾದ ಮೇಲೂ ಅವರು ಸುಮ್ಮನಿದ್ದರೆ ಆಗ ನನ್ನ ಸರದಿ. "ಯಾರ ಮೇಲೆ ಅಭ್ಯಾಸ ಮಾಡಲಿ ಮಿಸ್?" ಅಂದೆ. "ಅಂಗಡಿ ಇದೆಯಲ್ಲ" ಅಂದರು.

ಇವತ್ತು ಶುರು ಮಾಡಿದೆ. ಪಕ್ಕದ ಓಣಿಯ ರಂಗಕ್ಕ ಲೈಟು ರಿಪೇರಿಗೆ ತಂದಿದ್ದಳು. "ಏನಾಗೈತೆ ನೋಡಿ ಸಾಬ್ರೇ, ಬುಸ್ ಅಂತೈತೆ, ಉರಿಯಾಕಿಲ್ಲ." ಅಬ್ಬಾ, "ಪಿ... ಪಿ..." ಅಂದರು. ಎಣ್ಣೆ ಬರುವ ಪಿನ್ನು ಕಸ ಕಟ್ಟಿಕೊಂಡಿದೆ ಅಂತ ನನಗೆ ಗೊತ್ತು. ಬಾಯಿಗೆ ಸೆರಗು ತುರುಕಿಕೊಂಡು ಎಣಿಸಿದೆ. ಒಂದು, ಎರಡು, ಮೂರು. ರಂಗಕ್ಕ ಪರದೆಯನ್ನೇ ನೋಡುತ್ತಿದ್ದಾಳೆ ಅಂತ ಅವಳ ಬಳೆಯ ಸದ್ದಿನಲ್ಲೇ ತಿಳಿಯಿತು. ನಾಲ್ಕು, ಐದು, ಆರು. ಏಳಕ್ಕೆ ಅಬ್ಬಾ, "ಪಿನ್ನು ಕಟ್ಟಿದೆ" ಅಂದುಬಿಟ್ಟರು.

ನನಗೆ ಬೇಜಾರಾಯಿತು. ಹತ್ತು ಮುಟ್ಟಲು ಬಿಡಲಿಲ್ಲ. ಅಭ್ಯಾಸ ಆಗುವುದು ಹೇಗೆ?

ಏಪ್ರಿಲ್ ೨೪

ಇವತ್ತು ಎಂಟು. ಮತ್ತೆ ಅಬ್ಬಾನೇ.

ಏಪ್ರಿಲ್ ೨೬

ಆರು. ಐದು. ಒಂಬತ್ತು. ನನ್ನ ಸರದಿ ಬರಲೇ ಇಲ್ಲ.

ಮೇ ೬, ಸೋಮವಾರ

ಬಕ್ರೀದ್ ಗಲಾಟೆಯಲ್ಲಿ ಬರೆಯಲಾಗಲಿಲ್ಲ. ಇವತ್ತು ಬೊಮ್ಮಣ್ಣ ಬಂದಿದ್ದ, ಎಷ್ಟು ಲೈಟು ಬೇಕು ಅಂತ ತೀರ್ಮಾನ ಮಾಡಲು.

"ಚಪ್ಪರ ದೊಡ್ದಾಗೇ ಹಾಕಿವ್ನಿ ಸಾಬ್ರೇ. ಎಷ್ಟು ಬೇಕಾಗ್ತವೆ?"

"ಚಪ್ಪರಕ್ಕೆ..." ಅಂದು ಅಬ್ಬಾ ಸಿಕ್ಕಿಕೊಂಡರು. ನನ್ನ ಬಾಯಿಯಲ್ಲಿ "ನಾಲ್ಕು" ಸಿದ್ಧವಾಗಿತ್ತು. ಮೊದಲಿನಿಂದ ದೊಡ್ಡ ಚಪ್ಪರಕ್ಕೆ ನಾಲ್ಕೇ ಹೇಳುವುದು. ಎಣಿಸುತ್ತಾ ಕೂತೆ. ಬೊಮ್ಮಣ್ಣನೂ ಕಾದ. ಎಂಟಕ್ಕೆ ಅಬ್ಬಾ ಹೇಳಿದರು, "ಎರಡು ಸಾಕು. ಮೂರನೇದು... ಅಡುಗೆ ಕಡೆ ಇಡು. ಕತ್ತಲಲ್ಲಿ ಅನ್ನ ಬಗ್ಗಿಸಿ... ಹೆಂಗಸರು ಕೈ ಸುಟ್ಕೋತಾರೆ."

"ದಿಟ ಕಣ್ ಸಾಬ್ರೇ. ಹೋದ್ಸಲ ನಮ್ಮತ್ತಿಗೆ ಅಂಗೇ ಸುಟ್ಕಂಡಿದ್ಲು. ನಂಗೇ ಹೊಳೀಲಿಲ್ಲ ನೋಡಿ" ಅಂದ ಬೊಮ್ಮಣ್ಣ.

ನಾನು ಯೋಚನೆ ಮಾಡುತ್ತಾ ಕೂತಿದ್ದೆ. ಇಷ್ಟು ವರ್ಷ ನಾಲ್ಕು ನಾಲ್ಕು ಅಂದೆನಲ್ಲ. ಅಡುಗೆಯವರ ಮಾತು ಅಬ್ಬಾ ಆವಾಗಲೂ ಹೇಳಲು ಹೊರಟಿದ್ದರೇ? ಇರಲಿಕ್ಕಿಲ್ಲ. ಇವತ್ತು ಹೊಳೆದಿರಬೇಕು.

ಬೊಮ್ಮಣ್ಣ ಹೋಗುವಾಗ ಪರದೆಗೆ ಹೇಳದೆ ಹೋದ. ನಾನೇನು ಸತ್ತಿದ್ದೇನೆಯೇ?

ಮೇ ೧೫, ಬುಧವಾರ

ಇಲ್ಲೇ ಶಿರಾದಲ್ಲಿ ಒಂದು ನೂಲಿನ ಸೊಸೈಟಿಗೆ ಗುಮಾಸ್ತೆ ಬೇಕಾಗಿದ್ದಳು. ಕರೆದರು, ಹೋದೆ, ಬಂದೆ.

ಅಭ್ಯಾಸ ಚೆನ್ನಾಗೇ ಆಗಿತ್ತು. ಅದೇ ತೊಂದರೆಯಾಗಿದ್ದು. "ನಿಮ್ಮ ಹೆಸರು?" ಅಂದರು. ಹತ್ತರ ತನಕ ಎಣಿಸಿ "ಕುಲ್ಸುಮ್" ಅಂದೆ. "ತಂದೆ ಹೆಸರು?" ಮತ್ತೆ ಹತ್ತು. "ಬಾಷಾ ಸಾಬ್." ಆ ಕಡೆಯವರು ಈ ಕಡೆಯವರ ಮುಖ ನೋಡಿದರು. "ವಯಸ್ಸು?" ಅಂದಾಗ ಬೆರಳೂ ಸೇರಿಕೊಂಡು ಎಣಿಸುತ್ತಿತ್ತು. "ಲೆಕ್ಕ ಹಾಕಿ ಹೇಳೋ ಅಷ್ಟು ವಯಸ್ಸಾಯ್ತೇನಮ್ಮಾ?" ಅಂದರು ಒಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಹತ್ತು ಎಣಿಸಿದ ಮೇಲೆ. ಅಷ್ಟೊತ್ತಿಗೆ ಅವರೆಲ್ಲ ನಗು ನಿಲ್ಲಿಸಿದ್ದರು.

ಮಿಸ್ ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು, "ಎಣಿಸೋದು ಬಿಟ್ಟುಬಿಡು. ಮುಖ ನೋಡು. ಮಾತು ಮುಗೀತೋ ಇಲ್ಲವೋ ಮುಖದಲ್ಲಿ ಗೊತ್ತಾಗುತ್ತೆ."

ಇದು ಎಂಥ ಉಪದೇಶ? ನನ್ನ ಮುಂದೆ ಇರುವುದು ಗೋಣಿ.

ಮೇ ೧೭, ಶುಕ್ರವಾರ

ಪರದೆಯನ್ನು ಒಂದು ಗೇಣು ಸರಿಸಿ, ಮಗ್ಗುಲಿಗೆ ಮೊಳೆ ಹೊಡೆದು ಸಿಕ್ಕಿಸಿದೆ. ಅಲ್ಲಿಂದ ಅಬ್ಬಾನ ಮುಖ ಕಾಣುತ್ತದೆ. ಬೀದಿಯವರಿಗೆ ನಾನು ಕಾಣುವುದಿಲ್ಲ.

ಅಬ್ಬಾ ಗಿರಾಕಿಯ ಜೊತೆ ಮಾತಾಡುವಾಗ ಅವರ ಮುಖ ಹೇಗಿರುತ್ತದೆ ಅಂತ ನಾನು ಇದುವರೆಗೆ ನೋಡಿಯೇ ಇರಲಿಲ್ಲ. ಕೊಡಿಗೇನಹಳ್ಳಿಯ ಒಬ್ಬ ಲೈಟು ತಂದಿಟ್ಟು ಯಾವಾಗ ಆಗುತ್ತೆ ಅಂದ. ಅಬ್ಬಾ ಕಣ್ಣು ಮುಚ್ಚಿಕೊಂಡರು. ಕತ್ತಿನ ನರ ಎದ್ದಿತು. ಬಲಗೈ ತೊಡೆಯ ಮೇಲೆ ಲೈಟಿಗೆ ಪಂಪು ಹೊಡೆದ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡಲಾಗದೆ, ಹಳೇ ಚಾಳಿ, "ಸೋಮವಾರ ಬಾಪ್ಪಾ" ಅಂದುಬಿಟ್ಟೆ.

ಅಬ್ಬಾ ಕಣ್ಣು ತೆರೆದರು. ಕೈ ನಿಂತಿತು. ಬಾಯಿ ಮುಚ್ಚಿಕೊಂಡು, ಹೌದು ಅನ್ನುವ ಹಾಗೆ ತಲೆ ಆಡಿಸಿ, ಲೈಟನ್ನು ಎಳೆದುಕೊಂಡರು. ಉರಿದು ಆರಿದ ಮ್ಯಾಂಟಲ್ ಬೆರಳು ತಗಲಿದರೆ ಬೂದಿಯಾಗಿ ಉದುರುತ್ತದಲ್ಲ, ಮುಖ ಹಾಗಾಯಿತು. ಹತ್ತು ನಿಮಿಷಕ್ಕೆ ಲೈಟು ಬೆಳ್ಳಗೆ ಉರಿಯುತ್ತಿತ್ತು. ಅದನ್ನು ಹಾಗೇ ಎತ್ತಿಕೊಂಡು, ಹಾಡುಹಗಲು ಉರಿಯುವ ಲೈಟು ಹಿಡಿದು, ಅಬ್ಬಾ ಬಸ್ ಸ್ಟ್ಯಾಂಡಿನ ತನಕ ಅವನ ಹಿಂದೆ ಓಡಿದರು. ಅವರು ಹೇಳಲು ಹೊರಟಿದ್ದು ಸೋಮವಾರ ಅಲ್ಲ. ಸ್ವಲ್ಪ ಕೂತಿರು, ಈಗಲೇ ಆಗುತ್ತೆ ಅಂತ.

ನನಗೆ ನಾಚಿಕೆಯಾಯಿತು. ರೊಟ್ಟಿ ತಿನ್ನುವಾಗ ದಾದಿಮಾಗೆ ಹೇಳಿದೆ. ಅವಳು ಅಡಿಕೆ ಕತ್ತರಿಸುತ್ತಾ, "ನಿಮ್ಮಮ್ಮಿ ಕಾಯ್ತಿದ್ದಳು. ಒಂದೊಂದು ಸಲ ಎರಡು ರೊಟ್ಟಿ ತಟ್ಟೋ ತನಕ ಕಾಯ್ತಿದ್ದಳು" ಅಂದಳು. ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ನೀನು ಬಿಡುವು ಕೊಟ್ಟಿದ್ದು ಯಾವಾಗ?" ಅಂತ ನನಗೇ ತಿರುಗಿಸಿದಳು.

ಜೂನ್ ೩, ಸೋಮವಾರ

ಮೊಹರಂ, ಬಾಬಯ್ಯನ ಹಬ್ಬ. ಹನ್ನೊಂದು ಲೈಟೂ ಹೋಗಿವೆ. ಖಾಲಿ ಪಡಸಾಲೆಯಲ್ಲಿ ಅಬ್ಬಾ, ನಾನು ಕೂತಿದ್ದೆವು. ಚಿಕ್ಕವರಿದ್ದಾಗ ಕಳ್ಳಂಬೆಳ್ಳದ ಕೆರೆಗೆ ಈಜಲು ಹೋಗಿ ಚಡ್ಡಿ ಕಳೆದುಕೊಂಡ ಕತೆ ಹೇಳಿದರು. ಕತೆ ಚಡ್ಡಿ ಸಿಕ್ಕಿದ ಜಾಗಕ್ಕೆ ಬರುವಷ್ಟರಲ್ಲಿ ಸಂಜೆಯ ಅಸರ್ ನಮಾಜಿನ ಹೊತ್ತಾಯಿತು. ಕತೆ ಬಲು ಮಜವಾಗಿತ್ತು. ಅಬ್ಬಾಗೆ ಕತೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಈ ವಾರ ಮುಖ ನೋಡುವ ಅಭ್ಯಾಸ ಏನೂ ಆಗಲಿಲ್ಲ. ಕತೆ ಕೇಳುತ್ತಾ ಕೂತರೆ ಇಂಟರ್‌ವ್ಯೂ ಪಾಸಾಗುವುದು ಯಾವಾಗ?

ಜೂನ್ ೧೪, ಶುಕ್ರವಾರ

ಪಾವಗಡಕ್ಕೆ ಹೋಗಿ ಬಂದೆ. ಸೊಂಟ ಬಿದ್ದುಹೋಗಿದೆ. ಆ ರಸ್ತೆಗೆ ನಮ್ಮ ಬಸ್ಸು, ನಮ್ಮ ಬಸ್ಸಿಗೆ ಆ ರಸ್ತೆ, ಒಳ್ಳೆ ಜೋಡಿ.

ಇದೂ ಹೆಣ್ಣುಮಕ್ಕಳ ಸ್ಕೂಲು, ಕಮಿಟಿಯವರು ನಡೆಸುವುದು. ಟ್ರೈನಿಂಗ್ ಆಗದವರಾದರೂ ನಡೆಯುತ್ತೆ, ಒಂದೆರಡು ವರ್ಷದಲ್ಲಿ ಅವರೇ ಕಳಿಸುತ್ತಾರಂತೆ. ನನಗಿಂತ ಮೊದಲು ನಾಲ್ಕು ಜನ ಒಳಗೆ ಹೋಗಿ ಬಂದರು. ನಾಲ್ಕು ಮುಖವೂ ಗಂಟಾಗಿದ್ದವು. ಒಬ್ಬಳು ಹೇಳಿದಳು, "ಒಬ್ಬ ಮುದುಕಪ್ಪ ಇದ್ದಾರೆ. ಅರ್ಧ ಕೇಳಿ ನಿಲ್ಲಿಸ್ತಾರೆ. ಉತ್ತರ ಶುರು ಮಾಡಿದ್ರೆ ತಲೆ ಅಲ್ಲಾಡಿಸ್ತಾರೆ."

ಊರೂರಿಗೂ ನನಗೆ ಇಂಥವರೇ ಗಂಟುಬೀಳಬೇಕೇ?

ಅಧ್ಯಕ್ಷರು ಅಡವಯ್ಯನವರು ಹೆಸರು, ಓದು ಎಲ್ಲ ಚಕಚಕ ಕೇಳಿ ಮುಗಿಸಿದರು. ಆಮೇಲೆ ಮೂಲೆಯಲ್ಲಿದ್ದ ಮುದುಕರ ಕಡೆ ತಿರುಗಿ, "ಕದರಪ್ಪನವರೇ, ನಿಮ್ದು" ಅಂದರು.

"ಚೂಡಮ್ಮಾ, ನೋಡಮ್ಮಾ," ಅಂದರು ಕದರಪ್ಪನವರು, "ನಮ್ ಕಡೆ ಹುಡುಗ್ರು ಮನ್ಯಾಗೆ ತೆಲುಗು ಮಾತಾಡ್ತಾರೆ..." ಅಂದು ಕನ್ನಡಕ ತೆಗೆದು ಒರೆಸಲು ಕೂತರು. ನನ್ನ ಬಾಯಲ್ಲಿ ಒಂದು ಉತ್ತರ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿತ್ತು. ಅವರ ಮುಖ ನೋಡಿದೆ. ಮುಗಿದಿರಲಿಲ್ಲ. ಒರೆಸಿ ಹಾಕಿಕೊಂಡು, ಮೊಮ್ಮಗಳೊಬ್ಬಳ ಕತೆಗೆ ಹೋದರು. ಅವಳು ಸ್ಕೂಲಿಗೆ ಸೇರಿದಾಗ ಆರು ತಿಂಗಳು ಬಾಯೇ ಬಿಡಲಿಲ್ಲವಂತೆ. ಮತ್ತೆ ನಿಲ್ಲಿಸಿದರು. ಅಡವಯ್ಯನವರು ಗಡಿಯಾರ ನೋಡಿಕೊಂಡರು. ನಾನು ಮುಖ ನೋಡುತ್ತಿದ್ದೆ. ಹುಬ್ಬು ಇನ್ನೂ ಮೇಲೇ ಇತ್ತು, ಏನೋ ಹುಡುಕುತ್ತಿದ್ದರು. ಸಿಕ್ಕಲಿ ಅಂತ ನನಗೂ ಅನ್ನಿಸಿತು. ನಿಜ ಹೇಳಬೇಕೆಂದರೆ ಆ ಹುಡುಗಿಗೆ ಏನಾಯಿತು ಅನ್ನುವುದು ಆ ಹೊತ್ತಿನಲ್ಲಿ ಕೆಲಸಕ್ಕಿಂತ ಮುಖ್ಯವಾಗಿತ್ತು.

"ಟೀಚರಮ್ಮ ಅವಳಿಗೆ ಮೂಗಿ ಅಂದ್ಬುಟ್ಲು," ಅಂದರು ಕೊನೆಗೆ. "ಆ ಹುಡುಗಿ ಮೂಗಿ ಅಲ್ಲಮ್ಮಾ. ಕನ್ನಡ ಬರ್ತಿರ್ಲಿಲ್ಲ, ಅಷ್ಟೇ. ಅದೇ ನಾನು ಕೇಳೋದು. ಅಂಥಾ ಮಗು ನಿನ್ನ ಕ್ಲಾಸಿಗೆ ಬಂದ್ರೆ ಏಮಿ ಚೇಸ್ತಾವು? ಏನ್ ಮಾಡ್ತೀಯ?"

ಹುಬ್ಬು ಇಳಿದಿತ್ತು.

"ಕಾಯ್ತೀನಿ ಸಾರ್" ಅಂದೆ.

ಇನ್ನೂ ನಾಲ್ಕು ಮಾತು ಸೇರಿಸಬೇಕು ಅಂತ ಬಾಯಿ ತೆರೆದರೆ ಏನೂ ಇರಲಿಲ್ಲ. ಎಲ್ಲ ಅಷ್ಟರಲ್ಲೇ ಬಂದುಬಿಟ್ಟಿತ್ತು. ಕದರಪ್ಪನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಸರಿ, ಹೋಗ್ಬಾಮ್ಮಾ" ಅಂದರು.

ಹಾಳಾಯಿತು. ಎರಡೇ ಮಾತಿನ ಉತ್ತರಕ್ಕೆ ಯಾರಾದರೂ ಕೆಲಸ ಕೊಡುತ್ತಾರೆಯೇ? ಮಾತಾಡಿದರೆ ಜಾಸ್ತಿ, ಬಿಟ್ಟರೆ ಕಡಿಮೆ. ನನ್ನ ಹಣೆಬರಹದಲ್ಲಿ ಅಳತೆಯೇ ಇಲ್ಲ.

ಜೂನ್ ೨೪, ಸೋಮವಾರ

ಆರ್ಡರು ಬಂತು! ಪಾವಗಡದ್ದು. ಜುಲೈ ಒಂದನೇ ತಾರೀಖು ಬೆಳಿಗ್ಗೆ ಹಾಜರಾಗಬೇಕು. ಮೂರು ಸಲ ಓದಿದೆ. ಮೂರು ಸಲವೂ ನನ್ನ ಹೆಸರೇ ಇತ್ತು.

ಅಬ್ಬಾಗೆ ಇನ್ನೂ ಹೇಳಿಲ್ಲ. ದಾದಿಮಾಗೂ ಹೇಳಿಲ್ಲ, ಅವಳಿಗೆ ಹೇಳಿದರೆ ಶಿರಾಕ್ಕೇ ಹೇಳಿದ ಹಾಗೆ. ಪಾವಗಡ ಅಂದರೆ ಅಲ್ಲೇ ಇರಬೇಕು, ತಿಂಗಳಿಗೊಂದು ಸಲ ಬರುವುದು. ಕೊರಟಗೆರೆಗೂ ಮಧುಗಿರಿಗೂ ಹೋದಾಗ ಇದನ್ನೆಲ್ಲ ಯೋಚಿಸಿರಲಿಲ್ಲ, ಕೆಲಸ ಸಿಗುವ ಭಯವೇ ಇರಲಿಲ್ಲವಲ್ಲ. ಈಗ ಕಾಗದ ಕೈಯಲ್ಲಿದೆ. ಪಡಸಾಲೆಯಲ್ಲಿ ಅಬ್ಬಾ ಒಬ್ಬರೇ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಪಂಪು ಹೊಡೆಯುತ್ತಾ ಇರುವುದು, ಎದುರಿಗೆ ಅವಸರದ ಗಿರಾಕಿ. ನನ್ನಿಂದಾಗುವುದಿಲ್ಲ. ಹೇಗೂ ಅಬ್ಬಾ ಕಳಿಸುವುದಿಲ್ಲ. ಬರುವುದಿಲ್ಲ ಅಂತ ಒಂದು ಕಾರ್ಡು ಬರೆದು ಹಾಕಿದರೆ ಮುಗಿಯಿತು.

ಕಾರ್ಡು ಬರೆದಿದ್ದೇನೆ. ಡಬ್ಬಕ್ಕೆ ಹಾಕಿಲ್ಲ. ಅತ್ತುಬಿಟ್ಟೆ.

ಜೂನ್ ೨೬, ಬುಧವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಿಸ್‌ಗೆ ಕಮಿಟಿಯವರೇ ತಿಳಿಸಿದ್ದರಂತೆ. ಸಂಜೆ ನಾಲ್ಕಕ್ಕೆ ನೇರ ಅಂಗಡಿಗೆ ಬಂದು ಪಡಸಾಲೆಯಲ್ಲಿ ಕೂತರು. "ಬಾಷಾ ಸಾಹೇಬರೇ, ಕುಲ್ಸುಮ್‌ಗೆ ಪಾವಗಡದಲ್ಲಿ ಕೆಲಸ ಸಿಕ್ಕಿದೆ. ಕಳಿಸ್ತೀರಾ?" ಅಂದರು. ಕಾಗದ ಬಂದದ್ದು ಅಬ್ಬಾಗೆ ಹೀಗೆ ಗೊತ್ತಾಯಿತು. ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅಬ್ಬಾ ಕಣ್ಣು ಮುಚ್ಚಿಕೊಂಡರು. "ಮಿಸ್..." ಅಂದರು. ಅಲ್ಲೇ ನಿಂತಿತು. ಕತ್ತಿನ ನರ ಎದ್ದಿತು, ಕೈ ಆಡತೊಡಗಿತು. ದಾದಿಮಾ ಪಕ್ಕದಿಂದ ಬಾಯಿ ಹಾಕಲು ಹೊರಟಳು. ಅವಳ ಕೈ ಹಿಡಿದು ಅದುಮಿದೆ. ಎಷ್ಟು ಹೊತ್ತಾಯಿತೋ, ನಾನು ಎಣಿಸಲಿಲ್ಲ.

"ಮಿಸ್, ಮೂರು ವರ್ಷದ ಹಿಂದೆ... ನೀವು ಬಂದಿದ್ರಿ. ಟ್ರೈನಿಂಗ್‌ಗೆ ಕಳಿಸ್ತೀರಾ ಅಂತ ಕೇಳಿದ್ರಿ. ನಾನು ಕುಲ್ಸುಮ್... ಅಂದೆ. ಅಷ್ಟೇ ನಾನು ಅಂದಿದ್ದು."

ನನಗೆ ನೆನಪಾಯಿತು. ಚೆನ್ನಾಗಿ ನೆನಪಾಯಿತು. ಅಬ್ಬಾ "ಕುಲ್ಸುಮ್" ಅಂದು ಸಿಕ್ಕಿಕೊಂಡಾಗ ನಾನು ಪರದೆಯ ಹಿಂದಿನಿಂದ, "ಕುಲ್ಸುಮ್ ಹೋದ್ರೆ ಅಂಗಡಿ ಯಾರು ನೋಡ್ಕೋತಾರೆ ಮಿಸ್? ಕಳಿಸೋಕಾಗಲ್ಲ ಅಂತಾರೆ ಅಬ್ಬಾ" ಅಂದಿದ್ದೆ. ಬೇರೆ ಏನು ತಾನೇ ಹೇಳಿಯಾರು, ಅವರಿಗೆ ಯಾಕೆ ಕಷ್ಟ ಅಂತ ನಾನೇ ಮುಗಿಸಿದ್ದೆ. ಮಿಸ್ ಎದ್ದು ಹೋಗಿದ್ದರು. ಆ ದಿನ ಊಟ ಮಾಡಲಿಲ್ಲ. ಮೂರು ವರ್ಷ ಅಬ್ಬಾನ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆ, ನನ್ನನ್ನು ಕಳಿಸಲಿಲ್ಲ ಅಂತ.

"ಕುಲ್ಸುಮ್ ಹೋಗ್ಲಿ... ಅನ್ನೋಕೆ ಹೊರಟಿದ್ದೆ," ಅಂದರು ಅಬ್ಬಾ. "ಪೆಟ್ಟಿಗೆ ಮಾರೋ ಅಂಗಡೀಲಿ... ಒಂದು ಟ್ರಂಕು ಕೂಡ ನೋಡಿ ಬಂದಿದ್ದೆ."

ದಾದಿಮಾ ಕೂಡ ಮಾತಾಡಲಿಲ್ಲ, ಅದು ನಮ್ಮ ಮನೆಯಲ್ಲಿ ಮೊದಲ ಸಲ.

ಮಿಸ್ ಹೋದ ಮೇಲೆ ಅಬ್ಬಾನ ಮುಂದೆ ಕೂತು ಕೇಳಿದೆ. "ಆವತ್ತೇ ಯಾಕೆ ಹೇಳಲಿಲ್ಲ ಅಬ್ಬಾ? ಆಮೇಲಾದರೂ ನನ್ನ ಹತ್ರ ಹೇಳಬಹುದಿತ್ತಲ್ಲ?"

ಅದಕ್ಕೆ ಉತ್ತರ ಬೇಗ ಬರಲಿಲ್ಲ. ಬರುವ ತನಕ ಮುಖವನ್ನೇ ನೋಡುತ್ತಿದ್ದೆ.

"ಅಷ್ಟು ಜೋರಾಗಿ ಹೇಳಿದೆಯಲ್ಲ ಬೇಟಿ," ಅಂದರು. "ನಿನಗೇ... ಹೋಗೋಕೆ ಇಷ್ಟ ಇಲ್ಲ ಅಂದ್ಕೊಂಡೆ."

ನನಗೆ ಹೇಳಲು ಇತ್ತು, ಬರಲಿಲ್ಲ. ಅಬ್ಬಾ ಅವಸರ ಮಾಡಲಿಲ್ಲ. ನನ್ನ ಎದುರಿಗೆ ಸುಮ್ಮನೆ ಕೂತಿದ್ದರು.

"ಇಷ್ಟ ಇತ್ತು ಅಬ್ಬಾ" ಅಂದೆ ಆಮೇಲೆ.

ಜೂನ್ ೩೦, ಭಾನುವಾರ

ನಾಳೆ ಬೆಳಗಿನ ಮೊದಲನೇ ಬಸ್ಸು. ಟ್ರಂಕು ತುಂಬಿದ್ದೇನೆ, ಹೊಸದು, ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರ. ದಾದಿಮಾ ಒಂದು ವಾರ ಅಲ್ಲಿ ನನ್ನ ಜೊತೆ ಇದ್ದು, ಪಾವಗಡದವರನ್ನೆಲ್ಲ ಪರಿಚಯ ಮಾಡಿಕೊಂಡು ಬರುತ್ತಾಳಂತೆ. ತೆಲುಗು ಬಾರದಿದ್ದರೆ ಏನಂತೆ, ಅವರಿಗೇ ಉರ್ದು ಕಲಿಸಿ ಬರುವ ಹಾಗಿದ್ದಾಳೆ.

ಮಧ್ಯಾಹ್ನ ಬೊಮ್ಮಣ್ಣ ಲೈಟು ವಾಪಸು ಕೊಡಲು ಬಂದಿದ್ದ, ಯಾರದೋ ನಾಮಕರಣದ್ದು. ಅಬ್ಬಾನೂ ಅವನೂ ಪಡಸಾಲೆಯಲ್ಲಿ ಕೂತು ಮಳೆಯ ವಿಚಾರ ಮಾತಾಡಿದರು. ಅಬ್ಬಾನ ಮಾತು ನಿಂತಾಗ ಅವನು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿರುತ್ತಿದ್ದ. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. ಅವರ ಮಾತಿನ ಕಡೆ ಗಮನವೇ ಇರಲಿಲ್ಲ ಅಂತ ಈಗ ಬರೆಯುವಾಗ ಹೊಳೆಯುತ್ತಿದೆ.

ಇನ್ನೂ ಬರೆಯುವುದಿತ್ತು. ಆದರೆ ಅಬ್ಬಾ ಪಡಸಾಲೆಯಿಂದ ಕರೆದರು. "ಕುಲ್ಸುಮ್, ಪಾ... ಪಾವಗಡದಲ್ಲಿ..." ಅಂತ ಶುರು ಮಾಡಿದ್ದಾರೆ. ಏನು ಹೇಳುತ್ತಾರೋ ಗೊತ್ತಿಲ್ಲ. ಮೊದಲಾಗಿದ್ದರೆ ಗೊತ್ತಿರುತ್ತಿತ್ತು. ಹೋಗಿ ಎದುರಿಗೆ ಕೂತುಕೊಳ್ಳುತ್ತೇನೆ.